ಕಟ್ಟಿಹಾಕಿದ ಓಟದ ಬಂಡಿಗಳು

ಶಿವರಾತ್ರಿಯ ದಿನಗಳಲ್ಲಿ ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳ ತೆಂಗಿನ ತೋಟಗಳಿಂದ ರೈತರು ತಮ್ಮ ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ಅಲ್ಲಿಗೆ ಬರುತ್ತಾರೆ. ಅನುಕೂಲಸ್ಥರು ಎತ್ತುಗಳಿಗಾಗಿಯೇ ಪೆಂಡಾಲು ಹಾಕಿಸುವುದೂ, ವಾದ್ಯದೊಡನೆ ಮೆರವಣಿಗೆ ಮಾಡಿಸುವುದೂ ಉಂಟು. ಕೊರಳಿಗೆ ಗಂಟೆ, ಮೈಮೇಲೆ ಜೂಲು, ಕೊಂಬಿಗೆ ಹಿತ್ತಾಳೆಯ ಕೋಡಣಸು. ಮನೆಯ ಮದುವಣಿಗನಿಗೂ ಇಷ್ಟು ಉಪಚಾರ ನಡೆದಿರಲಾರದು. ಆದರೆ ಕೊಳ್ಳುವ ರೈತ ಈ ಶೃಂಗಾರಕ್ಕೆ ಮರುಳಾಗುವವನಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ. ಎಲ್ಲವೂ ಆದ ಮೇಲೆ, “ಎಲ್ಲಿ, ನಾಲ್ಕು ಹೆಜ್ಜೆ ನಡೆಸಿ” ಎನ್ನುತ್ತಾನೆ.

ಈ ಕೊನೆಯ ಮಾತಿನಲ್ಲಿಯೇ ಮೋಟಾರು ಪ್ರದರ್ಶನಗಳ ಕಷ್ಟವೆಲ್ಲ ಅಡಗಿದೆ. ಕಾರುಪ್ರೇಮಿಗಳ ಸಂಘವೊಂದು ವೇಗಕ್ಕೆ ಹೆಸರಾದ ಕಾರುಗಳನ್ನು ಜನರ ಮುಂದೆ ಇಡಬೇಕೆಂದು ಹೊರಟಾಗ ಅದು ಮೊದಲು ಎದುರಿಸಬೇಕಾದ ವಿಡಂಬನೆ ಇದು: ಓಡುವುದೇ ಯಾವುದರ ಹಿರಿಮೆಯೋ ಅದನ್ನು ನಿಲ್ಲಿಸಿ ತೋರಿಸಬೇಕು. ಹಳೆಯ ಅರಮನೆಯ ಕಾರಿಗೆ ಈ ತೊಂದರೆಯಿಲ್ಲ. ಅದರ ಭವ್ಯತೆ ಅದರ ಮೈಯಲ್ಲಿಯೇ ಇದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದವರು ಅವು ನಿಂತಿದ್ದುವೆಂದು ಕೊರಗುವುದಿಲ್ಲ. ಅವುಗಳ ಚಂದವೇ ನಿಲುವಿನದು. ಓಟದ ಕಾರಿನ ಮಾತು ಬೇರೆ. ಬಹುಮಟ್ಟಿಗೆ ಅದು ಸಾಮಾನ್ಯ ರೂಪದ್ದು. ಕೆಲವೊಮ್ಮೆ ಕುರೂಪಿಯೂ ಹೌದು.

ತೆಂಗಿನ ನಾಡಿಗೆ ಈ ವಿಷಯ ಹೊಸದೇನಲ್ಲ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತಮಹಲ್’ ಎಂದು ಕರೆದ. ಅದರ ಕಾವಲುಗಳು ಈ ಬಯಲು ಸೀಮೆಯ ಹುಲ್ಲುಗಾವಲುಗಳಲ್ಲಿಯೇ ಹರಡಿಕೊಂಡಿದ್ದುವು. ಅಲ್ಲಿ ಮೇಯ್ದು ಬೆಳೆದ ಎತ್ತುಗಳು ಹಾಲಿಗಾಗಿಯೋ ಗಾತ್ರಕ್ಕಾಗಿಯೋ ಹೆಸರಾದುವಲ್ಲ. ಫಿರಂಗಿ ಎಳೆದುಕೊಂಡು ಓಡುವುದಕ್ಕೆ ಹೆಸರಾದುವು. ಹೈದರಾಲಿಯ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿತೆಂದು ಇತಿಹಾಸದಲ್ಲಿ ಬರೆದಿದೆ. ತೆಳ್ಳಗಿನ ಮೈ, ಉದ್ದನೆಯ ಮುಖ, ಹಿಂದಕ್ಕೆ ಬಾಗಿದ ಚೂಪು ಕೊಂಬು. ಕೊಬ್ಬಿದ ಎತ್ತಿನ ಪಕ್ಕದಲ್ಲಿ ಇದನ್ನು ಕಟ್ಟಿದರೆ ತಿಳಿಯದವರು ಕೊಬ್ಬಿದ್ದರ ಕಡೆಗೇ ತಿರುಗುವರು.

ಆರು ಕಾರು, ಅರವತ್ತು ಮುನಿಸು

ಸಂಘಕ್ಕೆ ಪ್ರದರ್ಶನದವರು ಕೊಡುವುದು ನೆಲದ ಮೇಲೆ ಸುಣ್ಣದ ಗೆರೆಯೆಳೆದ ಒಂದು ಚೌಕ. ಅದು 12 ಮೀಟರು ಉದ್ದ, 9 ಮೀಟರು ಅಗಲ ಇದೆಯೆನ್ನೋಣ. ಎಂದರೆ 108 ಚದರ ಮೀಟರು. ನಾಲ್ಕು ಮೀಟರಿನ ಒಂದು ಕಾರಿಗೆ, ಬಾಗಿಲು ತೆರೆಯಲು ಮತ್ತು ಮಗುವನ್ನು ಎತ್ತಿಕೊಂಡ ತಾಯಿ ಉಜ್ಜಿಕೊಳ್ಳದೆ ಹಾಯಲು ಬೇಕಾದ ದಾರಿಯನ್ನು ಸೇರಿಸಿದರೆ, ಸುಮಾರು 15 ಚದರ ಮೀಟರು ಬೇಕು. ಹಾಗೆ ಆರು ಕಾರು ನಿಂತರೆ ಉಳಿಯುವುದು 18 ಚದರ ಮೀಟರು. ಅದರಲ್ಲಿ ಒಂದು ಮೇಜು, ಎರಡು ಕುರ್ಚಿ, ಫಲಕ, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಮತ್ತು ಬಿಸಿಲಿಗೆ ದಣಿದು ಕೂರಲು ಬರುವ ಬಂಧುಗಳು.

ಸಂಘದಲ್ಲಿ ಇರುವುದು ಆರು ಕಾರು ಮಾತ್ರವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಸದಸ್ಯರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಮುಂದಿನ ಸಾಲಿನಲ್ಲಿ ಇರಬೇಕು. ಹೊಸ ಬಣ್ಣ ಹೊಡೆಸಿದವರು ಬಣ್ಣವನ್ನು ಮುಂದೊಡ್ಡುವರು. ವಿದೇಶದ ಕಾರು ತಂದವರು ಅದರ ಬೆಲೆಯನ್ನು. ಮೋಟಾರು ಸಂಘಗಳು ಒಡೆಯುವುದು ಯಂತ್ರದ ದೋಷದಿಂದಲ್ಲ, ನಿಲ್ಲಿಸುವ ಜಾಗದಿಂದ ಎಂದರೆ ಅತಿಶಯೋಕ್ತಿಯೇನೂ ಆಗದು. ಆದ್ದರಿಂದ ಬುದ್ಧಿವಂತರು ಮೊದಲು ಕಾರನ್ನು ಆರಿಸುವುದಿಲ್ಲ, ಕಥೆಯನ್ನು ಆರಿಸುತ್ತಾರೆ. ಕಥೆ ನಿಶ್ಚಯವಾದರೆ ಪಾತ್ರಗಳು ತಾವಾಗಿಯೇ ಬಂದು ನಿಲ್ಲುವುವು. ಹೊರಗುಳಿದವರಿಗೂ ಮುಖಭಂಗವಾಗದು.

ಕನ್ನಡ ನಾಡಿನ ಸಂಘ ಯಾವ ಕಥೆಯನ್ನು ಹೇಳಬೇಕು? ಬೆಂಗಳೂರಿನ ಪ್ರದರ್ಶನಕ್ಕೆ ಬರುವವರು ಜರ್ಮನಿಯ, ಇಟಲಿಯ ಹೊಳಪಿನ ಕಾರುಗಳನ್ನು ಪಕ್ಕದ ಮಳಿಗೆಯಲ್ಲಿ ಹೇಗೂ ನೋಡುವರು. ಅವುಗಳಲ್ಲಿ ಇನ್ನೊಂದನ್ನು ಸೇರಿಸಿದರೆ ಜಾತ್ರೆಗೆ ಇನ್ನೊಂದು ಬಲೂನು ಮಾರುವವನನ್ನು ಕರೆತಂದಂತೆ. ಭಾರತದ ಓಟದ ಕಥೆಯನ್ನೇ ತೆಗೆದುಕೊಂಡರೆ ಪಾತ್ರಗಳಿಗೆ ಕೊರತೆಯಿಲ್ಲ: ಅಂಬಾಸಿಡರ್, ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್, ಆಮೇಲೆ ಮಾರುತಿ 800, ರ‍್ಯಾಲಿಗಳ ಧೂಳು ಕುಡಿದ ಜಿಪ್ಸಿ ಮತ್ತು ಎಸ್ಟೀಮ್, 2000ದಲ್ಲಿ ಬಂದು ಯುವಕರ ನಿದ್ದೆ ಕೆಡಿಸಿದ, 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್. ಆದರೆ ಈ ಸಾಲಿನ ನಡುವೆ ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಕಾರಿದೆ. ಮುಂದಿನ ಸಾಲಿನ ನಡುಜಾಗ ಸಲ್ಲಬೇಕಾದದ್ದು ಅದಕ್ಕೆ. ಅದರ ಹೆಸರು ಡಾಲ್ಫಿನ್.

ಪ್ಲಾಸ್ಟಿಕ್ಕಿನ ಪುಟ್ಟ ಕಾರು

ಬೆಂಗಳೂರಿನ ಸನ್‌ರೈಸ್ ಕಂಪನಿ ಮೊದಲು ಮಾಡಿದ್ದು ‘ಬಾದಲ್’ ಎಂಬ ಮೂರು ಚಕ್ರದ ಗಾಡಿ. ಮುಂದೆ ಸಿಪಾನಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆ, ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಾರ್ಖಾನೆಯವರ ‘ಕಿಟನ್’ ಎಂಬ ಪುಟ್ಟ ಕಾರಿನ ಮಾದರಿಯಲ್ಲಿ, 1982ರಲ್ಲಿ ಡಾಲ್ಫಿನ್ನನ್ನು ಹೊರತಂದಿತು. ಎರಡೇ ಬಾಗಿಲು. 848 ಸಿ.ಸಿ.ಯ ನಾಲ್ಕು ಸಿಲಿಂಡರಿನ, ಪೂರ್ತಿ ಅಲ್ಯೂಮಿನಿಯಮ್ಮಿನ ಎಂಜಿನು. ಮೈ ತಗಡಿನದಲ್ಲ, ಗಾಜಿನ ಎಳೆಗಳ ಬಟ್ಟೆಗೆ ರಾಳ ಸವರಿ ಎರಕ ಹೊಯ್ದದ್ದು. ನಮ್ಮ ಜನ ಇದನ್ನು ‘ಪ್ಲಾಸ್ಟಿಕ್ ಕಾರು’ ಎಂದೇ ಕರೆದರು. ಕರೆದದ್ದರಲ್ಲಿ ಮೆಚ್ಚುಗೆಗಿಂತ ಅನುಮಾನ ಹೆಚ್ಚಾಗಿತ್ತು.

ಆದರೆ ಲೆಕ್ಕ ಹಾಕಿ ನೋಡಬೇಕು. ಮೂಲ ಕಿಟನ್ನಿನ ತೂಕ ಸುಮಾರು 520 ಕಿಲೋ; ಶಕ್ತಿ 40 ಅಶ್ವಶಕ್ತಿ. ಒಂದೊಂದು ಕುದುರೆಯ ಪಾಲಿಗೆ 13 ಕಿಲೋ ಹೊರೆ. ಅಂದಿನ ಅಂಬಾಸಿಡರಿಗೆ 50ರ ಸುಮಾರು ಅಶ್ವಶಕ್ತಿ ಇದ್ದರೂ ಅದರ ತೂಕ 1,100 ಕಿಲೋ ಮುಟ್ಟುತ್ತಿತ್ತು. ಕುದುರೆಗೆ 22 ಕಿಲೋ. ಗಟ್ಟಿಮುಟ್ಟಾದ ಗಾಡಿ ಎಂದು ಮನೆಯ ಹಿರಿಯರು ಮೆಚ್ಚುತ್ತಿದ್ದ ಆ ಉಕ್ಕೇ ಓಟದಲ್ಲಿ ಅದರ ಕಾಲಿಗೆ ಕಟ್ಟಿದ ಗುಂಡು. ಮದರಾಸಿನ ಉತ್ತರಕ್ಕೆ ಷೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯೊಂದಿತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1950ರ ದಶಕದಿಂದ ಅಲ್ಲಿ ಓಟಗಳನ್ನು ನಡೆಸುತ್ತಿದ್ದರು. ಡಾಲ್ಫಿನ್ ಅಲ್ಲಿಗೆ ಹೋಯಿತು. ಹೋಗಿ ಗೆದ್ದಿತು. ರ‍್ಯಾಲಿಗಳಲ್ಲಿಯೂ ಗೆದ್ದಿತು. ಬೀದಿಯಲ್ಲಿ ನಗೆಪಾಟಲಾದ ಕಾರು ಪಂದ್ಯದ ನೆಲದಲ್ಲಿ ಹಿರಿಯರನ್ನು ಹಿಂದೆ ಹಾಕಿದ್ದು ಅಂದಿನ ಓಟಪ್ರಿಯರಿಗೆ ಎಂಥ ಸಂಭ್ರಮ ತಂದಿರಬೇಕು!

ಗಾಜಿನೆಳೆಯ ಮೈಗೆ ಹೊರನಾಡುಗಳಲ್ಲಿ ಇಂಥ ತಾತ್ಸಾರ ಇರಲಿಲ್ಲ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್‌ನವರು ನಡೆಸಿದ ‘ಮೋಟೊರಾಮ’ ಪ್ರದರ್ಶನದಲ್ಲಿ ಷೆವ್ರೊಲೆಟ್ ಕಾರ್ವೆಟ್ ಮೊದಲು ಕಾಣಿಸಿಕೊಂಡಿತು. ಅದರ ಮೈಯೂ ಗಾಜಿನೆಳೆಯದೇ. ತೋರಿಕೆಗೆಂದು ಮಾಡಿದ ಆ ಕಾರಿಗೆ ಜನ ಮುಗಿಬಿದ್ದುದನ್ನು ಕಂಡು ಅದೇ ಜೂನ್ ತಿಂಗಳಲ್ಲಿ ಅದರ ತಯಾರಿಕೆಯನ್ನೇ ಆರಂಭಿಸಿದರು. ಆ ವರ್ಷ ಹೊರಬಂದುವು 300. ಪ್ರದರ್ಶನವೊಂದನ್ನು ಜಾಣತನದಿಂದ ಯೋಜಿಸಿದರೆ ಕಾರಿನ ಹಣೆಬರಹವೇ ಬದಲಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಡಾಲ್ಫಿನ್ನಿಗೆ ಅಂಥ ಭಾಗ್ಯ ಒದಗಲಿಲ್ಲ. 1983ರ ಡಿಸೆಂಬರ್ 14ರಂದು ಮಾರುತಿ 800 ಬಂದಿತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಎಂಜಿನು, ಉಕ್ಕಿನ ಮೈ, ಅಜ್ಜಿಯೂ ಸುಖವಾಗಿ ಹಿಂದೆ ಹತ್ತಿ ಕೂರಬಹುದಾದ ಬಾಗಿಲುಗಳು. ಸಿಪಾನಿಯವರು 1987ರಲ್ಲಿ ನಾಲ್ಕು ಬಾಗಿಲಿನ ‘ಮೊಂಟಾನ’ವನ್ನು ತಂದು ನೋಡಿದರು. ಆ ಹೊತ್ತಿಗೆ ಹೊತ್ತು ಮೀರಿತ್ತು.

ನಾರು, ಎಣ್ಣೆ, ಸದ್ದು

ಆಯ್ಕೆ ಮುಗಿದ ಮೇಲೆ ಉಳಿಯುವುದು ಸಿದ್ಧತೆ. ಹೊರಗಿನವರಿಗೆ ಇದು ಬರಿಯ ತೊಳೆದು ಉಜ್ಜುವ ಕೆಲಸವಾಗಿ ತೋರುತ್ತದೆ. ತಗಡಿನ ಕಾರಿಗೆ ಊರೂರಿನಲ್ಲಿಯೂ ಬಡಿದು ನೇರಮಾಡುವ ಟಿಂಕರ್‌ಗಳಿದ್ದಾರೆ. ಗಾಜಿನೆಳೆಯ ಮೈಯನ್ನು ಬಡಿದು ಪ್ರಯೋಜನವಿಲ್ಲ, ಬಡಿದರೆ ಒಡೆಯುವುದು. ಅದಕ್ಕೆ ತುಕ್ಕು ಹಿಡಿಯದೆಂಬುದೇನೋ ನಿಜ. ಆದರೆ ವರ್ಷಗಳು ಕಳೆದಂತೆ ಮೇಲಿನ ಪದರದಲ್ಲಿ ಜೇಡರಬಲೆಯಂತೆ ಸೀಳುಗಳು ಮೂಡುತ್ತವೆ. ಒಳಗಿನಿಂದ ಹೊಸ ಎಳೆಬಟ್ಟೆ ಹಚ್ಚಿ, ರಾಳ ಹಾಕಿ, ಒಣಗಿಸಿ, ಉಜ್ಜಿ, ಮತ್ತೆ ಬಣ್ಣಕ್ಕೆ ತರಬೇಕು. ತಾಳ್ಮೆಯ ಕೆಲಸ. ಅಲ್ಯೂಮಿನಿಯಮ್ಮಿನ ಎಂಜಿನು ಬಿಸಿಯನ್ನು ಸಹಿಸದು. ರೇಡಿಯೇಟರಿನಲ್ಲಿ ನೀರು ಕಡಮೆಯಾದುದನ್ನು ಗಮನಿಸದೆ ಹತ್ತು ಮೈಲಿ ಓಡಿಸಿದರೆ ತಿಂಗಳ ದುಡಿಮೆ ಮಣ್ಣುಪಾಲು.

ಇಂಥ ಕೆಲಸದಲ್ಲಿ ತೆಂಗಿನ ನಾಡಿನವರಿಗೆ ಸಹಜವಾದ ಒಂದು ಅನುಕೂಲವುಂಟು. ಹಳೆಯ ಕಾರುಗಳ ಆಸನಗಳಲ್ಲಿ ಇಂದಿನ ಮೃದುವಾದ ಫೋಮ್ ಇರುತ್ತಿರಲಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಸಹ ತೆಂಗಿನ ನಾರಿಗೆ ರಬ್ಬರು ಹಾಲು ಸಿಂಪಡಿಸಿ ಒತ್ತಿದ ಮೆತ್ತೆಗಳಿದ್ದುವು. ಲೋಕವನ್ನು ಸುತ್ತಿದ ಆ ಕಾರಿನಲ್ಲಿ ಕೂತವರಿಗೆ ತಮ್ಮ ಕೆಳಗಿರುವುದು ತೆಂಗಿನಕಾಯಿಯ ಸಿಪ್ಪೆ ಎಂಬುದು ತಿಳಿದಿತ್ತೋ ಇಲ್ಲವೋ! ಹಳೆಯ ಮೆತ್ತೆ ಕಾಲಕ್ರಮದಲ್ಲಿ ಪುಡಿಯಾಗಿ ಕಾರಿನ ನೆಲದ ಮೇಲೆ ಕಂದು ಬೂದಿಯಂತೆ ಉದುರುತ್ತದೆ. ಅನೇಕರು ಅದನ್ನು ಕಿತ್ತೆಸೆದು ಫೋಮ್ ತುಂಬಿಸುತ್ತಾರೆ. ಪ್ರದರ್ಶನದ ತೀರ್ಪುಗಾರರು ಆಸನದ ಅಡಿಗೆ ಕೈ ಹಾಕಿ ನೋಡುವ ಜಾತಿಯವರಾದರೆ ಅಲ್ಲಿಗೆ ಅಂಕ ಹೋಯಿತು. ನಾರು ಬಿಡಿಸುವ ಗಿರಣಿಗಳು ಇರುವ ಸೀಮೆಯ ಸಂಘ ಈ ಒಂದು ವಿಷಯದಲ್ಲಿ ಯಾರಿಗೂ ಸೋಲಬೇಕಾಗಿಲ್ಲ.

ಎಣ್ಣೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ಕ್ಯಾಸ್ಟ್ರಾಲ್’ ಎಂಬ ಹೆಸರನ್ನು ಎಲ್ಲರೂ ಪೆಟ್ರೋಲು ಬಂಕಿನಲ್ಲಿ ಕಂಡಿದ್ದಾರೆ. ಚಾರ್ಲ್ಸ್ ವೇಕ್‌ಫೀಲ್ಡನ ಕಂಪನಿ 1909ರಲ್ಲಿ ಆ ಹೆಸರಿಟ್ಟದ್ದು ಅದರಲ್ಲಿ ಕ್ಯಾಸ್ಟರ್ ಎಣ್ಣೆ ಬೆರೆತಿದ್ದುದರಿಂದ. ಎಂದರೆ ನಮ್ಮ ಹರಳೆಣ್ಣೆ. ಚಿಕ್ಕನಾಯಕನಹಳ್ಳಿಯ ಕಡೆಯ ಹೊಲದಂಚುಗಳಲ್ಲಿ ಬೆಳೆಯುವ, ಅಜ್ಜಿಯರು ಮಕ್ಕಳ ನೆತ್ತಿಗೆ ತಟ್ಟುವ, ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿಸುವ ಅದೇ ಹರಳೆಣ್ಣೆ! ಯಂತ್ರ ಕೆಂಡವಾದರೂ ಅದು ನೀರಾಗಿ ಹರಿದುಹೋಗದೆ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ. ಮೊದಲನೆಯ ಮಹಾಯುದ್ಧದ ವಿಮಾನಗಳೂ ಇದನ್ನು ಕುಡಿದೇ ಹಾರಿದುವು. ಓಟದ ಮೈದಾನಗಳಲ್ಲಿ ಅದು ಸುಟ್ಟ ಕಮಟು ವಾಸನೆಗೆ ಹಳಬರು ಇಂದಿಗೂ ಹಾತೊರೆಯುವುದುಂಟು. ಆದರೆ ಅದನ್ನು ಹಾಗೆಯೇ ಬಿಟ್ಟರೆ ಯಂತ್ರದೊಳಗೆ ಅಂಟುಗಟ್ಟುವುದು. ಮತ್ತೆ ಮತ್ತೆ ಬಿಚ್ಚಿ ತೊಳೆಯಬೇಕು. ಇಂದಿನ ಕಾರುಗಳಿಗೆ ಅದು ಸಲ್ಲದು. ಮೇಜಿನ ಮೇಲೆ ಒಂದು ಬಟ್ಟಲಿನಲ್ಲಿ ಹರಳು ಬೀಜ, ಪಕ್ಕದಲ್ಲಿ ಒಂದು ಹಿಡಿ ತೆಂಗಿನ ನಾರು ಇಟ್ಟು ಎರಡು ಸಾಲು ಬರೆದಿಟ್ಟರೆ, ಅಶ್ವಶಕ್ತಿಯ ಅಂಕಿಗಳನ್ನು ಓದದೆ ಮುಂದೆ ಹೋಗುವ ಗೃಹಿಣಿಯರೂ ಅಲ್ಲಿ ನಿಲ್ಲುವರು.

ಸದ್ದಿನ ಪ್ರಶ್ನೆ ಇಷ್ಟು ಸುಲಭವಲ್ಲ. ತಿಪಟೂರಿನ ಉಂಡೆ ಕೊಬ್ಬರಿ ಮಾಡುವವರನ್ನು ಕೇಳಿ ನೋಡಬೇಕು. ಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಇಟ್ಟಿರುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿತೆ ಎಂದು ತಿಳಿಯುವುದು ಕಣ್ಣಿಂದಲ್ಲ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಆಯಿತು. ಹೊರಗಿನ ಸಿಪ್ಪೆ ಎಲ್ಲ ಕಾಯಿಗೂ ಒಂದೇ. ಕಾರಿನ ಹೊರಮೈ ನೋಡಿ ಯಂತ್ರದ ಯೋಗ್ಯತೆ ತಿಳಿಯದೆಂಬುದಕ್ಕೆ ಈ ಸೀಮೆಯ ಜನಕ್ಕೆ ಬೇರೆ ಪಾಠ ಬೇಡ.

ಆದರೆ ಚಾವಣಿಯ ಕೆಳಗಿನ ಪ್ರದರ್ಶನಗಳಲ್ಲಿ ಎಂಜಿನು ಚಾಲೂ ಮಾಡಲು ಅಪ್ಪಣೆಯಿಲ್ಲ. ಸಾಮಾನ್ಯ ಕಟ್ಟಳೆಯೆಂದರೆ ಪೆಟ್ರೋಲು ಟ್ಯಾಂಕು ಬಹುಮಟ್ಟಿಗೆ ಬರಿದಾಗಿರಬೇಕು, ಬ್ಯಾಟರಿಯ ತಂತಿ ಕಳಚಿರಬೇಕು, ಎಂಜಿನಿನ ಅಡಿಗೆ ಎಣ್ಣೆ ತೊಟ್ಟಿಕ್ಕದಂತೆ ತಟ್ಟೆ ಇಟ್ಟಿರಬೇಕು. ಬೆಂಕಿಯ ಭಯವಿರುವಲ್ಲಿ ಈ ಕಟ್ಟಳೆಯನ್ನು ದೂರುವಂತಿಲ್ಲ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1993ರಲ್ಲಿ ಆರಂಭವಾದ ‘ವೇಗದ ಹಬ್ಬ’ ಈ ಕಗ್ಗಂಟನ್ನು ಬೇರೆ ಬಗೆಯಲ್ಲಿ ಬಿಡಿಸಿತು. ಅಲ್ಲಿ ಶ್ರೀಮಂತ ಮನೆತನವೊಂದರ ಎಸ್ಟೇಟಿನ ಒಳದಾರಿಯನ್ನೇ ಓಟದ ದಾರಿ ಮಾಡಿ, ಒಂದು ಮೈಲಿಗೆ ತುಸು ಹೆಚ್ಚಾದ ಆ ಏರಿನಲ್ಲಿ ಹಳೆಯ ಹೊಸ ಕಾರುಗಳನ್ನು ಒಂದೊಂದಾಗಿ ಓಡಿಸುತ್ತಾರೆ. ಜನ ಹುಲ್ಲಿನ ಬಣವೆಗಳ ಹಿಂದೆ ನಿಂತು ನೋಡುತ್ತಾರೆ. ಸಿದ್ಧಗಂಗೆಯ ರೈತನ “ನಾಲ್ಕು ಹೆಜ್ಜೆ ನಡೆಸಿ” ಎಂಬ ಬೇಡಿಕೆಗೆ ಅಲ್ಲಿ ಉತ್ತರ ಸಿಕ್ಕಿದೆ. ನಮ್ಮಲ್ಲಿ ಓಡುವುದನ್ನೇ ನೋಡಬೇಕೆನ್ನುವವರು ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯ ದಾರಿಯಲ್ಲಿ ಧೂಳು ತಿನ್ನಲು ಸಿದ್ಧರಾಗಬೇಕು. ಪ್ರದರ್ಶನದ ಸಂಘ ಮಾಡಬಹುದಾದದ್ದು ಇಷ್ಟು: ಕಾರನ್ನು ಲಾರಿಯ ಮೇಲೆ ಹೇರಿ ತರದೆ ಓಡಿಸಿಕೊಂಡೇ ಬರುವುದು. ಹೊನ್ನಾವರದಿಂದ ತಿಪಟೂರಿನ ಮೇಲೆ ಬೆಂಗಳೂರಿಗೆ ಬರುವ ಹಳೆಯ ರಸ್ತೆಯಲ್ಲಿ, ಎರಡು ಬದಿಯ ತೋಟಗಳ ನಡುವೆ, ಬೆಳಗಿನ ತಂಪಿನಲ್ಲಿ ಆರು ಕಾರು ಒಂದರ ಹಿಂದೆ ಒಂದು ಬಂದರೆ ಗುಬ್ಬಿಯ ಬಸ್ಸು ನಿಲ್ದಾಣದಲ್ಲಿ ನಿಂತವರಿಗೆ ಟಿಕೆಟ್ಟಿಲ್ಲದೆಯೇ ಪ್ರದರ್ಶನ.

ಹಳೆಯದೂ ಅಲ್ಲ, ಹೊಸದೂ ಅಲ್ಲ

ಓಡಿಸಿಕೊಂಡು ಬರುವುದಕ್ಕೆ ಕಾಗದಪತ್ರ ಬೇಕು. ಇಲ್ಲಿ ಡಾಲ್ಫಿನ್ನಿನ ಜಾತಕ ಸ್ವಲ್ಪ ವಕ್ರವಾಗಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ‘ವಿಂಟೇಜ್’ ಎಂಬ ಮನ್ನಣೆ ದೊರೆಯುತ್ತದೆ. ನೋಂದಣಿಗೆ 20,000 ರೂಪಾಯಿ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರ. ಅಂಥ ವಾಹನ ಪ್ರದರ್ಶನಕ್ಕೂ ರ‍್ಯಾಲಿಗೂ ರಸ್ತೆಗಿಳಿಯಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅರಮನೆಯ ಕಾರುಗಳಿಗೆ ಇದರಿಂದ ನೆಮ್ಮದಿಯಾಯಿತು. ಡಾಲ್ಫಿನ್ನುಗಳಲ್ಲಿ ಹಿರಿಯದಕ್ಕೂ 50 ತುಂಬುವುದು 2032ರಲ್ಲಿ. ಅಲ್ಲಿಯವರೆಗೆ ಅದು ಬರಿಯ ಹಳೆಯ ಕಾರು. ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇನ್ನೂ ಏರಿತು. ಹೊಗೆಯುಗುಳುವ ಗಾಡಿಗಳನ್ನು ರಸ್ತೆಯಿಂದ ಇಳಿಸಬೇಕೆಂಬ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಹಿತ್ತಲಿನ ಷೆಡ್ಡಿನಲ್ಲಿ ಇಂಥದೊಂದನ್ನು ಇಟ್ಟುಕೊಂಡ ಮನೆಯಲ್ಲಿ ಈ ಲೆಕ್ಕ ಕೇಳಿದಾಗ, “ಗುಜರಿಗೆ ಹಾಕಿದರೆ ಜಾಗವಾದರೂ ಆಗುತ್ತಿತ್ತು” ಎಂಬ ಮಾತು ಹೊರಡುವುದು ಅಸಹಜವಲ್ಲ. ಗುಜರಿಯವನಿಗೂ ಅದು ಬೇಡ. ಕರಗಿಸಿ ಮಾರಲು ಮೈಯಲ್ಲಿ ಕಬ್ಬಿಣವೇ ಇಲ್ಲ.

ಆದುದರಿಂದ ಆರು ಕಾರುಗಳ ಆ ಚೌಕದಲ್ಲಿ ಮಾರುತಿ 800ನ್ನು ಡಾಲ್ಫಿನ್ನಿನ ಪಕ್ಕದಲ್ಲಿಯೇ ನಿಲ್ಲಿಸುವುದು ಒಳ್ಳೆಯದು. ಗೆದ್ದದ್ದೂ ಸೋತದ್ದೂ ಒಟ್ಟಿಗೆ ಇರಲಿ. ಮಾರುತಿಯನ್ನು ಕಂಡೊಡನೆ “ನಮ್ಮ ಮನೆಯಲ್ಲಿಯೂ ಇತ್ತು” ಎಂದು ಹತ್ತಿರ ಬರುವವರು ಬಹಳ. ಹಾಗೆ ಬಂದವರ ಕಣ್ಣು ಪಕ್ಕದ ಅಪರಿಚಿತ ಪುಟ್ಟ ಕಾರಿನ ಮೇಲೆ ಬೀಳದಿರದು. ಫಲಕದಲ್ಲಿ ತೂಕ ಮತ್ತು ಶಕ್ತಿಯ ಆ ಎರಡು ಅಂಕಿ, ಷೋಲಾವರಂನ ಹೆಸರು, ‘ಬೆಂಗಳೂರಿನಲ್ಲಿ ತಯಾರಾದದ್ದು’ ಎಂಬ ಮಾತು ಸಾಕು. ಮಕ್ಕಳು ಬಾಗಿಲನ್ನು ಬೆರಳಿನಿಂದ ಕುಟ್ಟಿ ನೋಡುವರು. ತಗಡಿನ ಟಣ್ ಎಂಬ ದನಿಯ ಬದಲು ಡಬ್ ಎಂಬ ದನಿ ಬರುವುದು. ಬಣ್ಣಕ್ಕೆ ಕೆಡುಕೆಂದು ಗದರಿಸುವ ಮನಸ್ಸಾದರೂ ಯಜಮಾನರು ಸುಮ್ಮನಿರಬೇಕು. ಬ್ಯಾಟರಿ ಕಳಚಿದ ಆ ದಿನ, ಸಂಜೆ ಮಳಿಗೆ ಎತ್ತುವವರೆಗೆ, ಆ ಕಾರಿನಿಂದ ಕೇಳಿಸುವ ಸದ್ದು ಅದೊಂದೇ.